ರೈತರಲ್ಲಿ ಸಂಪರ್ಕಜನ್ಯ ಚರ್ಮದ ಅಲರ್ಜಿ: ಕಾರಣಗಳು, ಪ್ರಚೋದಕಗಳು ಮತ್ತು ಮುಂಜಾಗ್ರತಾ ಕ್ರಮಗಳು

ಪೀಠಿಕೆ

ಮುಂಗಾರು ಮಳೆ ಬಿದ್ದು ಹೊಲ, ಬದು ಮತ್ತು ರಸ್ತೆಯ ಅಂಚುಗಳು ಹಸಿರಾಗುತ್ತಿದ್ದಂತೆ ಅನೇಕ ರೈತರಿಗೆ ಮುಖ, ಕುತ್ತಿಗೆ ಹಾಗೂ ಮೊಣಕೈ ಮಡಿಕೆಗಳಲ್ಲಿ ತೀವ್ರ ತುರಿಕೆ ಕಾಣಿಸಿಕೊಳ್ಳುತ್ತದೆ. ಚರ್ಮ ಕೆಂಪಾಗಿ, ದಪ್ಪವಾಗಿ, ಕೆಲವೊಮ್ಮೆ ನೀರು ಸೋರುತ್ತದೆ. ಇದನ್ನು ಸಾಮಾನ್ಯವಾಗಿ ಕಜ್ಜಿ, ಇಸಬು ಅಥವಾ ನಂಜು ಎಂದು ಭಾವಿಸಿ ಔಷಧಿ ಅಂಗಡಿಯ ಮುಲಾಮು ಹಚ್ಚುವುದು, ಬದನೆಕಾಯಿ ಮತ್ತು ಕುಂಬಳಕಾಯಿಯನ್ನು ಊಟದಿಂದ ಬಿಡುವುದು ರೂಢಿಯಲ್ಲಿದೆ. ತಾತ್ಕಾಲಿಕ ಶಮನ ದೊರೆತರೂ ಮುಂದಿನ ಮಳೆಗಾಲದಲ್ಲಿ ತೊಂದರೆ ಮರಳುತ್ತದೆ. ಕೆಲವು ವರ್ಷಗಳಲ್ಲಿ ಅದು ಋತುವಿನ ಭೇದವಿಲ್ಲದೆ ವರ್ಷವಿಡೀ ಉಳಿಯುವ ಕಾಯಿಲೆಯಾಗಿ, ರೈತನನ್ನು ತನ್ನ ಹೊಲದಿಂದಲೇ ದೂರವಿಡುವ ಸ್ಥಿತಿಗೆ ತಲುಪಬಹುದು.

ಇಂತಹ ಪ್ರಕರಣಗಳಲ್ಲಿ ಗಣನೀಯ ಪಾಲು ಸಂಪರ್ಕಜನ್ಯ ಚರ್ಮದ ಅಲರ್ಜಿಗೆ ಸೇರಿದೆ. ಅಲರ್ಜಿಯನ್ನು ಉಂಟುಮಾಡುವ ವಸ್ತು ಚರ್ಮಕ್ಕೆ ತಗುಲುವುದರಿಂದ ಬರುವ ಕಾಯಿಲೆ ಇದಾಗಿದೆ. ಇದು ಒಬ್ಬರಿಂದ ಮತ್ತೊಬ್ಬರಿಗೆ ಅಂಟುವುದಿಲ್ಲ. ರಕ್ತ ಕೆಟ್ಟಿರುವುದರಿಂದಲೂ ಬರುವುದಿಲ್ಲ. ಚಿಕಿತ್ಸೆ ವೈದ್ಯರ ಕೆಲಸವಾದರೂ, ಇದಕ್ಕೆ ಕಾರಣವಾಗುವ ವಸ್ತುಗಳಲ್ಲಿ ಬಹಳಷ್ಟು ಹೊಲ, ತೋಟ ಮತ್ತು ಕೊಟ್ಟಿಗೆಗಳಲ್ಲಿಯೇ ಇರುವುದರಿಂದ ತಡೆಗಟ್ಟುವ ಕೆಲಸ ಮುಖ್ಯವಾಗಿ ರೈತರ ಮತ್ತು ಕೃಷಿ ವಿಸ್ತರಣಾ ಕಾರ್ಯಕರ್ತರ ಕೈಯಲ್ಲಿದೆ. ಈ ಲೇಖನದಲ್ಲಿ ಅಲರ್ಜಿಯು ಉಂಟಾಗುವ ಬಗೆ, ನಮ್ಮ ರಾಜ್ಯದ ಕೃಷಿಯಲ್ಲಿ ಅದರ ಪ್ರಮುಖ ಪ್ರಚೋದಕಗಳು, ಕಾರಣವನ್ನು ಗುರುತಿಸುವ ಕ್ರಮ ಹಾಗೂ ತಡೆಗಟ್ಟುವ ವಿಧಾನಗಳನ್ನು ವಿವರಿಸಲಾಗಿದೆ.

ಕೆರಳಿಕೆ ಮತ್ತು ಅಲರ್ಜಿ: ಎರಡು ಬೇರೆ ಸ್ಥಿತಿಗಳು

ಚರ್ಮಕ್ಕೆ ಏನಾದರೂ ತಗುಲಿ ತುರಿಕೆ ಬಂದ ಮಾತ್ರಕ್ಕೆ ಅದು ಅಲರ್ಜಿಯಲ್ಲ. ನಸುಗುನ್ನಿ ಕಾಯಿಯ ರೋಮ ಮೈಗೆ ತಾಗಿದರೆ ಯಾರಿಗಾದರೂ ತಕ್ಷಣವೇ ತುರಿಕೆಯಾಗುತ್ತದೆ. ಕೆಸುವಿನ ದಂಟು ಅಥವಾ ಸುವರ್ಣಗೆಡ್ಡೆಯನ್ನು ಹೆಚ್ಚುವಾಗ ಅವುಗಳಲ್ಲಿರುವ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಚುಚ್ಚಿ ಕೈ ಕಡಿಯುತ್ತದೆ. ಸುಣ್ಣ, ಎಕ್ಕದ ಹಾಲು, ಗಾಢ ಕೀಟನಾಶಕ ದ್ರಾವಣ ಮುಂತಾದವು ಚರ್ಮವನ್ನು ನೇರವಾಗಿ ಸುಡುತ್ತವೆ ಅಥವಾ ಕೆರಳಿಸುತ್ತವೆ. ಇದು ಕೆರಳಿಕೆ. ಇದಕ್ಕೆ ಮೊದಲ ಸಂಪರ್ಕವೇ ಸಾಕು. ವಸ್ತುವಿನ ಪ್ರಮಾಣ ಹೆಚ್ಚಿದಂತೆ ಬಾಧೆಯೂ ಹೆಚ್ಚುತ್ತದೆ. ಬಾಧೆ ಬೇಗನೆ ಆರಂಭವಾಗಿ, ವಸ್ತು ತಗುಲಿದ ಭಾಗಕ್ಕೆ ಸೀಮಿತವಾಗಿರುತ್ತದೆ.

ಅಲರ್ಜಿಯ ಸ್ವರೂಪ ಭಿನ್ನವಾದುದು. ಅದು ಎಲ್ಲರಿಗೂ ಬರುವುದಿಲ್ಲ. ಒಂದೇ ಹೊಲದಲ್ಲಿ ಹತ್ತು ಜನ ಕಳೆ ಕಿತ್ತರೆ ಒಬ್ಬರಿಗೆ ಮಾತ್ರ ಬರಬಹುದು. ಮೊದಲ ಸಂಪರ್ಕದಲ್ಲಿ ಏನೂ ಆಗುವುದಿಲ್ಲ. ಆದರೆ ದೇಹವು ಒಮ್ಮೆ ಅಲರ್ಜಿಗೆ ಒಳಗಾದ ನಂತರ ಅತ್ಯಲ್ಪ ಪ್ರಮಾಣದ ವಸ್ತುವೂ, ಗಾಳಿಯಲ್ಲಿ ತೇಲಿ ಬಂದ ಒಣ ಎಲೆಯ ಪುಡಿಯೂ ಬಾಧೆಯನ್ನು ಕೆರಳಿಸಬಲ್ಲದು. ಬಾಧೆಯು ವಸ್ತು ತಗುಲಿದ ಜಾಗವನ್ನು ಮೀರಿ ಹರಡಲೂಬಹುದು.

ಅಲರ್ಜಿಯು ಉಂಟಾಗುವ ಬಗೆ

ಅಲರ್ಜಿ ಉಂಟುಮಾಡುವ ವಸ್ತುಗಳಲ್ಲಿ ಹೆಚ್ಚಿನವು ಅತಿ ಸಣ್ಣ ರಾಸಾಯನಿಕ ಅಣುಗಳು. ಇವು ಚರ್ಮದ ಹೊರಪದರವನ್ನು ದಾಟಿ ಒಳಗಿನ ಪ್ರೋಟೀನುಗಳೊಂದಿಗೆ ಬಂಧಗೊಳ್ಳುತ್ತವೆ. ಹೀಗೆ ರೂಪುಗೊಂಡ ಹೊಸ ಸಂಯುಕ್ತವನ್ನು ಚರ್ಮದ ಕಾವಲು ಕೋಶಗಳು ಪರಕೀಯವೆಂದು ಗುರುತಿಸಿ, ಹತ್ತಿರದ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಆ ವಸ್ತುವನ್ನು ನೆನಪಿಟ್ಟುಕೊಳ್ಳುತ್ತವೆ. ಈ ಮೊದಲ ಹಂತಕ್ಕೆ ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಈ ಅವಧಿಯಲ್ಲಿ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕೆಲವರಲ್ಲಿ ಈ ನೆನಪು ಕೆಲವೇ ಸಂಪರ್ಕಗಳಲ್ಲಿ ಮೂಡಿದರೆ, ಇನ್ನು ಕೆಲವರಲ್ಲಿ ಹತ್ತಾರು ವರ್ಷಗಳ ಸತತ ಸಂಪರ್ಕದ ನಂತರ ಮೂಡುತ್ತದೆ.

ನೆನಪು ಮೂಡಿದ ಮೇಲೆ ಅದೇ ವಸ್ತು ಪುನಃ ತಗುಲಿದಾಗ ಈ ಕಣಗಳು ಆ ಜಾಗಕ್ಕೆ ಧಾವಿಸಿ ಉರಿಯೂತವನ್ನು ಉಂಟುಮಾಡುತ್ತವೆ. ಇದಕ್ಕೆ ಸಾಮಾನ್ಯವಾಗಿ 24ರಿಂದ 72 ಗಂಟೆಗಳು ಹಿಡಿಯುತ್ತವೆ. ಆದುದರಿಂದಲೇ ಇದನ್ನು ವಿಳಂಬಿತ ಅಲರ್ಜಿ ಎನ್ನುತ್ತಾರೆ.

ಈ ವಿವರಣೆಯಿಂದ ರೈತರು ಗಮನದಲ್ಲಿಡಬೇಕಾದ ಮೂರು ಸಂಗತಿಗಳು ಹೊರಡುತ್ತವೆ.

ಮೊದಲನೆಯದು, ಬಾಧೆಯ ದಿನದ ಕೆಲಸ ಅಥವಾ ಊಟ ಅದರ ಕಾರಣವಾಗಿರಬೇಕಾಗಿಲ್ಲ. ಸೋಮವಾರ ಬದುವಿನ ಕಳೆ ಕಿತ್ತ ರೈತನಿಗೆ ಬುಧವಾರ ತುರಿಕೆ ಆರಂಭವಾದರೆ, ಮಂಗಳವಾರ ಸಿಂಪಡಿಸಿದ ಔಷಧದ ಮೇಲೆ ಅಥವಾ ಆ ರಾತ್ರಿ ಉಂಡ ಬದನೆಕಾಯಿ ಪಲ್ಯದ ಮೇಲೆ ಸಂಶಯ ಹೋಗುತ್ತದೆ. ಆತ ಬದನೆಕಾಯಿಯನ್ನು ಬಿಡುತ್ತಾನೆ. ಕಳೆ ಕೀಳುವುದನ್ನು ಮುಂದುವರಿಸುತ್ತಾನೆ.

ಎರಡನೆಯದು, 'ಇಪ್ಪತ್ತು ವರ್ಷದಿಂದ ಇದೇ ಗಿಡ ಕೀಳುತ್ತಿದ್ದೇನೆ, ಇದುವರೆಗೆ ಏನೂ ಆಗಿಲ್ಲ' ಎಂಬುದು ಆ ಗಿಡ ನಿರಪರಾಧಿ ಎಂಬುದಕ್ಕೆ ಸಾಕ್ಷಿಯಲ್ಲ. ಬರಿಗೈಯಿಂದ ಕೀಳುವ ಪ್ರತಿ ವರ್ಷವೂ ಅಲರ್ಜಿಗೆ ಒಳಗಾಗುವ ಅವಕಾಶವನ್ನು ಹೆಚ್ಚಿಸುತ್ತದೆ.

ಮೂರನೆಯದು, ಒಮ್ಮೆ ಮೂಡಿದ ಈ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಔಷಧಗಳು ಉರಿಯೂತವನ್ನು ತಗ್ಗಿಸುತ್ತವೆಯೇ ಹೊರತು ನೆನಪನ್ನು ಅಳಿಸಲಾರವು. ಆದ್ದರಿಂದ ಪ್ರಚೋದಕವನ್ನು ಸರಿಯಾಗಿ ಗುರುತಿಸಿ ಅದರ ಸಂಪರ್ಕವನ್ನು ತಪ್ಪಿಸುವುದೇ ಮೂಲ ಪರಿಹಾರ.

ಪ್ರಮುಖ ಪ್ರಚೋದಕ: ಪಾರ್ಥೇನಿಯಂ ಕಳೆ

ಭಾರತದಲ್ಲಿ ಸಸ್ಯಗಳಿಂದ ಬರುವ ಚರ್ಮದ ಅಲರ್ಜಿಗೆ ಅತ್ಯಂತ ಮುಖ್ಯ ಕಾರಣ ಪಾರ್ಥೇನಿಯಂ ಹಿಸ್ಟೆರೋಫೋರಸ್. ನಮ್ಮಲ್ಲಿ ಇದು ಕಾಂಗ್ರೆಸ್ ಗಿಡ, ಕಾಂಗ್ರೆಸ್ ಕಸ ಎಂದು ಪರಿಚಿತವಾಗಿದೆ. ಉಷ್ಣವಲಯದ ಅಮೆರಿಕ ಇದರ ಮೂಲ. ನಮ್ಮ ದೇಶದಲ್ಲಿ ಇದರ ಹರಡುವಿಕೆ 1955ರ ಸುಮಾರಿಗೆ ಪುಣೆಯಲ್ಲಿ ಗಮನಕ್ಕೆ ಬಂದಿತು. ಆಮದು ಮಾಡಿದ ಆಹಾರ ಧಾನ್ಯದೊಂದಿಗೆ ಇದರ ಬೀಜ ಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಮೊಳೆತ 4ರಿಂದ 6 ವಾರಗಳಲ್ಲಿಯೇ ಹೂವಾಡುವ, ಚೆನ್ನಾಗಿ ಬೆಳೆದ ಒಂದೇ ಗಿಡದಿಂದ ಹತ್ತು ಸಾವಿರಕ್ಕೂ ಮೀರಿ ಬೀಜ ಕೊಡುವ, ತೇವ ಸಿಕ್ಕಾಗಲೆಲ್ಲ ಮೊಳೆಯುವ ಗುಣದಿಂದಾಗಿ ಇದು ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಕಂಡುಬರುತ್ತದೆ.

ಈ ಗಿಡದ ಎಲೆ, ಕಾಂಡ ಮತ್ತು ಹೂಗಳ ಮೇಲೆ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಇವುಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕ ಶೇಖರವಾಗಿರುತ್ತದೆ. ಇದು ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಗುಂಪಿಗೆ ಸೇರಿದ್ದು, ಚರ್ಮದ ಪ್ರೋಟೀನುಗಳೊಂದಿಗೆ ಸುಲಭವಾಗಿ ಬಂಧಗೊಳ್ಳುತ್ತದೆ. ಹಸಿ ಗಿಡದಲ್ಲಿ ಮಾತ್ರವಲ್ಲದೆ ಒಣಗಿದ ಗಿಡದಲ್ಲಿಯೂ ಇದರ ಅಲರ್ಜಿಕಾರಕ ಗುಣ ಉಳಿದಿರುತ್ತದೆ. ಒಣಗಿ ಪುಡಿಯಾದ ಭಾಗಗಳು ಗಾಳಿಯಲ್ಲಿ ತೇಲುವುದರಿಂದ ಗಿಡವನ್ನು ಮುಟ್ಟದೆ, ರಸ್ತೆಯ ಪಕ್ಕದಲ್ಲಿ ನಡೆದು ಹೋಗುವವರಿಗೂ ತೊಂದರೆಯಾಗುತ್ತದೆ.

ಪಾರ್ಥೇನಿಯಂ ಅಲರ್ಜಿಯ ಲಕ್ಷಣಗಳು ಹೀಗಿವೆ:

• ಬಾಧೆಯು ಸಾಮಾನ್ಯವಾಗಿ ತೆರೆದ ಭಾಗಗಳಲ್ಲಿ, ಅಂದರೆ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆಯ ಪಕ್ಕಗಳು ಮತ್ತು ಅಂಗಿಯ ಗುಂಡಿ ತೆರೆದ ಎದೆಯ ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ.
• ಪುಡಿ ಮತ್ತು ಬೆವರು ಒಟ್ಟಾಗಿ ನಿಲ್ಲುವ ಮೊಣಕೈ ಮತ್ತು ಮಂಡಿಯ ಮಡಿಕೆಗಳಲ್ಲಿ ಕೆಂಪು ಬಣ್ಣ, ಸಣ್ಣ ಗುಳ್ಳೆಗಳು ಮತ್ತು ತೀವ್ರ ತುರಿಕೆ ಇರುತ್ತದೆ.
• ಕಾಯಿಲೆ ಹಳೆಯದಾದಂತೆ ಚರ್ಮ ಕಪ್ಪಾಗಿ, ದಪ್ಪವಾಗಿ, ಗೆರೆಗಳು ಆಳವಾಗುತ್ತವೆ.
• ಆರಂಭದ ವರ್ಷಗಳಲ್ಲಿ ಗಿಡ ಸೊಂಪಾಗಿ ಬೆಳೆಯುವ ಕಾಲದಲ್ಲಿ ಹೆಚ್ಚಾಗಿ, ಚಳಿಗಾಲದಲ್ಲಿ ತಗ್ಗುತ್ತದೆ. ನಂತರ ವರ್ಷವಿಡೀ ಉಳಿಯಬಹುದು.
• ದೀರ್ಘಕಾಲ ಬಳಲಿದ ಕೆಲವರಲ್ಲಿ ಬಿಸಿಲನ್ನೂ ಸಹಿಸಲಾಗದ ಸ್ಥಿತಿ ಬರುತ್ತದೆ. ಅಪರೂಪಕ್ಕೆ ಮೈಯೆಲ್ಲ ಕೆಂಪಾಗಿ ಸಿಪ್ಪೆ ಏಳುವ ಗಂಭೀರ ಹಂತವನ್ನೂ ತಲುಪಬಹುದು.

ಕೇವಲ ಬಿಸಿಲಿನಿಂದ ಬರುವ ಅಲರ್ಜಿಯಲ್ಲಿ ಕಣ್ಣಿನ ಮೇಲ್ರೆಪ್ಪೆ, ಗದ್ದದ ಕೆಳಭಾಗ ಮತ್ತು ಕಿವಿಯ ಹಿಂಭಾಗಗಳು ನೆರಳಿನಲ್ಲಿರುವ ಕಾರಣ ಬಹುತೇಕ ಉಳಿದುಕೊಳ್ಳುತ್ತವೆ. ಗಾಳಿಯ ಮೂಲಕ ಬರುವ ಪಾರ್ಥೇನಿಯಂ ಪುಡಿಗೆ ನೆರಳು ಅಡ್ಡಿಯಲ್ಲ. ಅದು ಈ ಭಾಗಗಳನ್ನೂ ಬಿಡುವುದಿಲ್ಲ. ರೆಪ್ಪೆಗಳು ಊದಿಕೊಂಡು ದಪ್ಪವಾಗಿದ್ದರೆ ಪಾರ್ಥೇನಿಯಂ ಬಗ್ಗೆ ವಿಚಾರಿಸುವುದು ಅಗತ್ಯ.

ಪಾರ್ಥೇನಿಯಂ ಪರಾಗದಿಂದ ಸೀನು, ಮೂಗು ಸೋರುವಿಕೆ ಮತ್ತು ಉಬ್ಬಸವೂ ಬರಬಹುದು. ಅದು ಪರಾಗದ ಪ್ರೋಟೀನುಗಳಿಗೆ ತಕ್ಷಣವೇ ತೋರುವ ಬೇರೊಂದು ಬಗೆಯ ಅಲರ್ಜಿ. ಒಬ್ಬ ವ್ಯಕ್ತಿಗೆ ಎರಡರಲ್ಲಿ ಒಂದು ಅಥವಾ ಎರಡೂ ಇರಬಹುದು.

ಪಾರ್ಥೇನಿಯಂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಸಸ್ಯ. ಈ ಕುಟುಂಬದ ಹಲವು ಸಸ್ಯಗಳಲ್ಲಿ ಇದೇ ಗುಂಪಿನ ರಾಸಾಯನಿಕಗಳಿವೆ. ಆದ್ದರಿಂದ ಪಾರ್ಥೇನಿಯಂ ಅಲರ್ಜಿ ಇರುವ ಕೆಲವರಿಗೆ ಸೇವಂತಿಗೆ, ಸೂರ್ಯಕಾಂತಿ, ಡೇಲಿಯಾ ಮುಂತಾದವುಗಳಿಂದಲೂ ತೊಂದರೆಯಾಗುತ್ತದೆ. ಸೇವಂತಿಗೆ ಬೆಳೆಯುವವರು, ಹೂವು ಬಿಡಿಸುವವರು ಮತ್ತು ಮಾಲೆ ಕಟ್ಟುವವರು ಇದನ್ನು ಗಮನಿಸಬೇಕು.

ಕೃಷಿ ಮತ್ತು ಮನೆಯ ಇತರ ಪ್ರಚೋದಕಗಳು

1. ಗೇರುಬೀಜದ ಸಿಪ್ಪೆಯ ಎಣ್ಣೆ: ಕರಾವಳಿ ಜಿಲ್ಲೆಗಳಲ್ಲಿ ಇದು ಮುಖ್ಯ ಪ್ರಚೋದಕ. ಗೇರುಬೀಜದ ಗಟ್ಟಿ ಸಿಪ್ಪೆಯಲ್ಲಿರುವ ಕಂದು ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಎಂಬ ರಾಸಾಯನಿಕಗಳಿವೆ. ಇವು ಹೆಚ್ಚು ಪ್ರಮಾಣದಲ್ಲಿ ಚರ್ಮವನ್ನು ಸುಡುತ್ತವೆ. ಕಡಿಮೆ ಪ್ರಮಾಣದಲ್ಲಿಯೂ ಅಲರ್ಜಿ ಉಂಟುಮಾಡುತ್ತವೆ. ಬೀಜ ಸುಲಿಯುವವರು ಕೈಗವಸು ಧರಿಸಬೇಕು. ಅದು ಸಾಧ್ಯವಾಗದ ಕಡೆ ಕೈಗೆ ಹರಳೆಣ್ಣೆ ಸವರಿಕೊಳ್ಳುವ ರೂಢಿ ಇದ್ದು, ಅದು ಸ್ವಲ್ಪ ಮಟ್ಟಿನ ರಕ್ಷಣೆ ನೀಡುತ್ತದೆ. ಹಸಿ ಬೀಜವನ್ನು ಮಕ್ಕಳು ಹಲ್ಲಿನಿಂದ ಒಡೆಯದಂತೆ ನೋಡಿಕೊಳ್ಳಬೇಕು.

2. ಮಾವಿನ ಸೊನೆ: ಮಾವು ಮತ್ತು ಗೇರು ಒಂದೇ ಕುಟುಂಬದ ಮರಗಳು. ಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮುವ ಸೊನೆಯಲ್ಲಿ ಗೇರಿನ ಎಣ್ಣೆಯನ್ನು ಹೋಲುವ ಅಂಶಗಳಿವೆ. ಹಣ್ಣನ್ನು ಸಿಪ್ಪೆಯೊಡನೆ ಕಚ್ಚಿ ತಿಂದಾಗ ಕೆಲವರಿಗೆ ತುಟಿಯ ಸುತ್ತ ಬಾಧೆ ಬರುವುದು ಇದೇ ಕಾರಣದಿಂದ. ಇಂತಹವರು ಬೇರೊಬ್ಬರು ತೊಳೆದು ಸಿಪ್ಪೆ ತೆಗೆದ ಹಣ್ಣನ್ನು ಸಾಮಾನ್ಯವಾಗಿ ತಿನ್ನಬಲ್ಲರು.

3. ಕರಿಗೇರು ಮತ್ತು ಹೊಲಗೇರು: ಇವು ಕೂಡ ಗೇರಿನ ಕುಟುಂಬಕ್ಕೆ ಸೇರಿದ ಕಾಡುಮರಗಳು. ಭಲ್ಲಾತಕವೆಂದೂ ಕರೆಯಲಾಗುವ ಕರಿಗೇರಿನ ಕಾಯಿಯ ಕಪ್ಪು ರಸವನ್ನು ಹಿಂದೆ ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದರು. ಈ ರಸವನ್ನು ನೋವಿಗೆ, ಒಡೆದ ಹಿಮ್ಮಡಿಗೆ ಹಚ್ಚಿಕೊಂಡು ತೀವ್ರ ಗುಳ್ಳೆಗಳಾದ ಉದಾಹರಣೆಗಳಿವೆ. ಪಶ್ಚಿಮ ಘಟ್ಟದ ಅಂಚಿನ ತೋಟಗಳಲ್ಲಿ ಸೊಪ್ಪು ಕಡಿಯುವಾಗ ಹೊಲಗೇರಿನ ಸೊನೆ ಮೈಗೆ ಬೀಳದಂತೆ ಎಚ್ಚರ ವಹಿಸಬೇಕು. ಈ ಮರಗಳ ಕಟ್ಟಿಗೆಯನ್ನು ಸುಡಬಾರದು.

4. ಬೆಳ್ಳುಳ್ಳಿ ಮತ್ತು ಈರುಳ್ಳಿ: ಬೆಳ್ಳುಳ್ಳಿಯಲ್ಲಿರುವ ಗಂಧಕಯುಕ್ತ ಅಂಶಗಳಿಂದ ಬೆರಳ ತುದಿಗಳು ಒಣಗಿ, ಸೀಳುತ್ತವೆ. ಎಸಳನ್ನು ಹಿಡಿಯುವ ಕೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನಲ್ಲಿ ಮಾತ್ರ ಬಾಧೆ ಇದ್ದರೆ, ಅಂದರೆ ಬಲಗೈ ಬಳಸುವವರಿಗೆ ಎಡಗೈಯಲ್ಲಿ ಇದ್ದರೆ, ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಗೃಹಿಣಿಯರಲ್ಲಿ ಮತ್ತು ಹೋಟೆಲ್ ಕೆಲಸಗಾರರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

5. ಶಿಲೀಂಧ್ರನಾಶಕಗಳು ಮತ್ತು ರಬ್ಬರ್: ಬೀಜೋಪಚಾರಕ್ಕೆ ಬಳಸುವ ಥೈರಮ್ ಹಾಗೂ ಸಿಂಪಡಣೆಯ ಮ್ಯಾಂಕೋಜೆಬ್, ಜೈರಮ್, ಕ್ಯಾಪ್ಟಾನ್ ಮುಂತಾದವು ಅಲರ್ಜಿಕಾರಕಗಳು. ಥೈರಮ್ ಎಂಬುದು ರಬ್ಬರ್ ತಯಾರಿಕೆಯಲ್ಲಿಯೂ ಬಳಕೆಯಾಗುವ ರಾಸಾಯನಿಕ. ಆದ್ದರಿಂದ ರಬ್ಬರ್ ಕೈಗವಸು ಅಥವಾ ಚಪ್ಪಲಿಯಿಂದ ಅಲರ್ಜಿಗೆ ಒಳಗಾದವರಿಗೆ ಥೈರಮ್ ಲೇಪಿತ ಬೀಜವನ್ನು ಕೈಯಿಂದ ಬಿತ್ತಿದಾಗಲೂ ತೊಂದರೆಯಾಗಬಹುದು. ಇಂತಹವರು ರಬ್ಬರಿನ ಬದಲು ಪಿವಿಸಿ ಕೈಗವಸು ಬಳಸುವುದು ಸೂಕ್ತ.

6. ಲೋಹ, ಸಿಮೆಂಟು ಮತ್ತು ಚರ್ಮದ ವಸ್ತುಗಳು: ಅಗ್ಗದ ಓಲೆ, ಸರ, ಗಡಿಯಾರದ ಪಟ್ಟಿ ಮತ್ತು ಪಿನ್ನುಗಳಲ್ಲಿರುವ ನಿಕಲ್ ಲೋಹವು ಕಿವಿ, ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ಬಾಧೆ ತರುತ್ತದೆ. ಸಿಮೆಂಟಿನಲ್ಲಿ ಮತ್ತು ಹದ ಮಾಡಿದ ಚರ್ಮದಲ್ಲಿ ಕ್ರೋಮಿಯಂ ಇರುತ್ತದೆ. ಚಪ್ಪಲಿಯ ಪಟ್ಟಿಯ ಆಕಾರದಲ್ಲಿಯೇ ಪಾದದ ಮೇಲೆ ಬಾಧೆ ಇದ್ದರೆ ಕಾರಣ ಸ್ಪಷ್ಟ.

7. ಪ್ರಸಾಧನ ಮತ್ತು ಔಷಧ: ಕಪ್ಪು ಕೂದಲು ಬಣ್ಣದ ಪಿಪಿಡಿ ಎಂಬ ಅಂಶ, ಅಂಟುವ ಬಿಂದಿಯ ಗೋಂದು ಮತ್ತು ನಿಯೋಮೈಸಿನ್ ಇರುವ ಗಾಯದ ಮುಲಾಮು ಸಾಮಾನ್ಯ ಪ್ರಚೋದಕಗಳು. ಗಾಯಕ್ಕೆ ಮುಲಾಮು ಹಚ್ಚಿದಷ್ಟೂ ಸುತ್ತಲಿನ ಚರ್ಮ ಕೆಂಪಾಗುತ್ತಿದ್ದರೆ ಮುಲಾಮನ್ನೇ ಸಂಶಯಿಸಬೇಕು.

ಕಾರಣವನ್ನು ಗುರುತಿಸುವ ಕ್ರಮ

ಬಾಧೆ ಇರುವ ಜಾಗವೇ ಮೊದಲ ಸುಳಿವು. ರೆಪ್ಪೆ ಮತ್ತು ಕುತ್ತಿಗೆಯಾದರೆ ಗಾಳಿಯ ಮೂಲಕ ಬರುವ ಪುಡಿ, ಬೆರಳ ತುದಿಯಾದರೆ ಅಡುಗೆಯ ಅಥವಾ ಕೈಕೆಲಸದ ವಸ್ತು, ಪಾದವಾದರೆ ಚಪ್ಪಲಿ, ಕಿವಿಯಾದರೆ ಓಲೆಯನ್ನು ಪರಿಶೀಲಿಸಬೇಕು.

ಎರಡನೆಯ ಸುಳಿವು ಕಾಲ. ತುರಿಕೆ ಆರಂಭವಾದ ದಿನದಿಂದ ಹಿಂದಿನ ಮೂರು ದಿನಗಳ ಕೆಲಸಗಳನ್ನು ನೆನಪಿಸಿಕೊಂಡು ಬರೆದಿಡಬೇಕು. ಯಾವ ಹೊಲ, ಯಾವ ಕೆಲಸ, ಯಾವ ಔಷಧ, ಯಾವ ಹೊಸ ವಸ್ತು ಎಂಬುದನ್ನು ಶಾಲಾ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲಿನಂತೆ ಬರೆದರೆ ಸಾಕು. ಮೂರು ನಾಲ್ಕು ಬಾರಿ ಬಾಧೆ ಮರುಕಳಿಸುವ ವೇಳೆಗೆ ಪ್ರತಿ ಬಾರಿಯೂ ಪುನರಾವರ್ತನೆಯಾಗುವ ಕೆಲಸ ಯಾವುದೆಂದು ತಿಳಿಯುತ್ತದೆ. ಊರು ಬಿಟ್ಟು ಕೆಲವು ವಾರ ಬೇರೆಡೆ ಇದ್ದಾಗ ಬಾಧೆ ತಗ್ಗಿತೇ ಎಂಬುದನ್ನೂ ಗಮನಿಸಬೇಕು.

ಮೂರನೆಯದು ಪ್ಯಾಚ್ ಪರೀಕ್ಷೆ. ಚರ್ಮರೋಗ ತಜ್ಞರು ಸಂಶಯಾಸ್ಪದ ವಸ್ತುಗಳನ್ನು ನಿಗದಿತ ಪ್ರಮಾಣದಲ್ಲಿ ಸಣ್ಣ ಪಟ್ಟಿಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗಳ ನಂತರ ಪಟ್ಟಿಯನ್ನು ತೆಗೆದು ಅಂದು ಮತ್ತು ನಂತರದ ದಿನಗಳಲ್ಲಿ ಪರಿಶೀಲಿಸುತ್ತಾರೆ. ಭಾರತದಲ್ಲಿ ಬಳಸುವ ಪರೀಕ್ಷಾ ಸರಣಿಯಲ್ಲಿ ಪಾರ್ಥೇನಿಯಂ ಕೂಡ ಸೇರಿದೆ. ಚರ್ಮರೋಗ ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದರ ಬಗ್ಗೆ ವಿಚಾರಿಸಬಹುದು. ತಕ್ಷಣದ ಅಲರ್ಜಿಗೆ ಮಾಡುವ ರಕ್ತ ಪರೀಕ್ಷೆಯಿಂದ ಈ ಬಗೆಯ ವಿಳಂಬಿತ ಅಲರ್ಜಿ ತಿಳಿಯುವುದಿಲ್ಲ. ಅದಕ್ಕೆ ಹಣ ವ್ಯಯಿಸುವ ಮುನ್ನ ತಜ್ಞರ ಸಲಹೆ ಪಡೆಯಬೇಕು. ಮನೆಯಲ್ಲಿ ಎಲೆಯನ್ನು ಅರೆದು ಮೈಗೆ ಹಚ್ಚಿ ನೋಡುವ ಪ್ರಯೋಗವನ್ನು ಎಂದೂ ಮಾಡಬಾರದು. ಅದರಿಂದ ಇಲ್ಲದ ಅಲರ್ಜಿಯೇ ಹುಟ್ಟಬಹುದು.

ಕೆಲಸದ ವೇಳೆಯ ಮುಂಜಾಗ್ರತೆ

• ಪಾರ್ಥೇನಿಯಂ ಗಿಡವನ್ನು ಬರಿಗೈಯಿಂದ ಕೀಳಬಾರದು. ಮಣಿಕಟ್ಟಿನ ಮೇಲಕ್ಕೂ ಬರುವ ದಪ್ಪ ಕೈಗವಸು, ತುಂಬು ತೋಳಿನ ಅಂಗಿ, ಪೂರ್ಣ ಪಾದ ಮುಚ್ಚುವ ಪಾದರಕ್ಷೆ ಮತ್ತು ಮೂಗು ಬಾಯಿ ಮುಚ್ಚುವ ಬಟ್ಟೆ ಧರಿಸಬೇಕು. ಕೈಗವಸು ದೊರೆಯದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಬೇಕು.
• ಕೆಲಸದ ನಡುವೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸುವುದು ಬಹು ಸಾಮಾನ್ಯ ಅಭ್ಯಾಸ. ಅದೇ ಟವೆಲ್ ಕಳೆಯ ರಾಶಿಯ ಮೇಲೆ ಬಿದ್ದಿದ್ದರೆ ಗಿಡದ ರೋಮಗಳು ನೇರವಾಗಿ ಕಣ್ಣಿನ ರೆಪ್ಪೆಗೆ ತಲುಪುತ್ತವೆ. ಮುಖ ಒರೆಸಲು ಪ್ರತ್ಯೇಕ ಬಟ್ಟೆಯನ್ನು ದೂರದಲ್ಲಿಡಬೇಕು.
• ಮೇವು ಕೊಯ್ಯುವಾಗ ಹುಲ್ಲಿನೊಂದಿಗೆ ಪಾರ್ಥೇನಿಯಂ ಸೇರಿದ್ದರೆ ಹೊರೆಯನ್ನು ತಲೆಯ ಮೇಲೆ ಹೊರುವ ಮಹಿಳೆಯರ ಹಣೆ, ಕತ್ತು ಮತ್ತು ಭುಜಗಳಿಗೆ ಸಂಪರ್ಕವಾಗುತ್ತದೆ. ಹುಲ್ಲನ್ನು ಅಲ್ಲಿಯೇ ಆರಿಸಿ, ಹೊರೆಯನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ಯಬೇಕು.
• ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈ, ಮುಖ ಮತ್ತು ಕುತ್ತಿಗೆಯನ್ನು ತೊಳೆದು ಬಟ್ಟೆ ಬದಲಿಸಬೇಕು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಒಗೆಯಬೇಕು. ಒಗೆದ ಬಟ್ಟೆಯನ್ನು ಕಳೆ ಬೆಳೆದ ಬೇಲಿಯ ಮೇಲೆ ಒಣಗಲು ಹಾಕಬಾರದು.
• ಈಗಾಗಲೇ ಅಲರ್ಜಿ ಇರುವವರು ಕಳೆ ಕೀಳುವ, ಒಣಗಿದ ಕಳೆಯನ್ನು ಗುಡಿಸುವ ಕೆಲಸಗಳಲ್ಲಿ ತೊಡಗಬಾರದು. ಕೈಗವಸು ಧರಿಸಿದರೂ ಗಾಳಿಯ ಪುಡಿಯಿಂದ ಅವರಿಗೆ ರಕ್ಷಣೆ ಇಲ್ಲ. ಮನೆಯವರು ಇವರಿಗೆ ಬೇರೆ ಕೆಲಸ ಹಂಚಬೇಕು.

ಪಾರ್ಥೇನಿಯಂ ಕಳೆಯ ಸಮಗ್ರ ನಿರ್ವಹಣೆ

ಮನೆಯ ಸುತ್ತ, ಹೊಲದ ದಾರಿ ಮತ್ತು ಕೊಟ್ಟಿಗೆಯ ಬಳಿ ಈ ಕಳೆ ಇಲ್ಲದಂತೆ ಮಾಡುವುದೇ ಅಲರ್ಜಿ ಪೀಡಿತರಿಗೆ ದೊರೆಯುವ ದೊಡ್ಡ ನೆರವು. ಇದಕ್ಕೆ ಸಮಯ ಪಾಲನೆ ಮುಖ್ಯ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಗಿಡವು ನೆಲಕ್ಕೆ ಅಂಟಿದ ಎಲೆಗಳ ಚಕ್ರದ ಹಂತದಲ್ಲಿರುವಾಗ, ಹೂವಾಡುವ ಮೊದಲೇ ಬೇರುಸಹಿತ ತೆಗೆಯಬೇಕು. ಈ ಹಂತದಲ್ಲಿ ಕುಡಗೋಲು ಅಥವಾ ಕುರ್ಚಿಗೆಯಿಂದ ತೆಗೆಯುವುದು ಸುಲಭ. ಮೈಗೆ ತಾಗುವ ಎತ್ತರವೂ ಗಿಡಕ್ಕೆ ಇರುವುದಿಲ್ಲ. ಮೇಲ್ಭಾಗವನ್ನು ಮಾತ್ರ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಹೂವಾಡದ ಗಿಡಗಳನ್ನು ಗುಂಡಿಯಲ್ಲಿ ಸಗಣಿ ರಾಡಿ ಮತ್ತು ಮಣ್ಣಿನೊಂದಿಗೆ ಪದರ ಪದರವಾಗಿ ಹಾಕಿ, ಮೇಲೆ ಗುಮ್ಮಟದಂತೆ ಮೆತ್ತಿದರೆ 4ರಿಂದ 5 ತಿಂಗಳಲ್ಲಿ ಉತ್ತಮ ಕಾಂಪೋಸ್ಟ್ ದೊರೆಯುತ್ತದೆ. ಹೂವು ಮತ್ತು ಬೀಜ ಕಟ್ಟಿದ ಗಿಡಗಳನ್ನು ತೆರೆದ ತಿಪ್ಪೆಗೆ ಹಾಕಿದರೆ ಗೊಬ್ಬರದೊಂದಿಗೆ ಬೀಜ ಹೊಲಕ್ಕೆ ಮರಳುತ್ತದೆ. ಕಿತ್ತ ಗಿಡಗಳನ್ನು ರಸ್ತೆಯ ಪಕ್ಕ ಒಣಗಲು ಬಿಡುವುದೂ ಸಲ್ಲದು.

ಜೈವಿಕ ವಿಧಾನದಲ್ಲಿ ಜೈಗೋಗ್ರಾಮ ಬೈಕಲರೇಟ ಎಂಬ ದುಂಬಿ ಉಪಯುಕ್ತ. ಮೆಕ್ಸಿಕೋ ಮೂಲದ ಈ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಇದರ ಪ್ರೌಢ ಕೀಟ ಮತ್ತು ಮರಿಹುಳು ಎರಡೂ ಎಲೆಗಳನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಚುರುಕಾಗಿದ್ದು, ಒಣ ಕಾಲದಲ್ಲಿ ಮಣ್ಣಿನೊಳಗೆ ಸುಪ್ತಾವಸ್ಥೆಯಲ್ಲಿರುತ್ತವೆ. ದುಂಬಿ ನೆಲೆಸಿರುವ ಪ್ರದೇಶದಲ್ಲಿ ಕೀಟನಾಶಕ ಸಿಂಪಡಿಸಬಾರದು. ಪಾಳು ಭೂಮಿ ಮತ್ತು ರಸ್ತೆಯ ಅಂಚುಗಳಲ್ಲಿ ಮುಂಗಾರಿಗೆ ಮುನ್ನ ತಗಚೆ ಅಥವಾ ಕ್ಯಾಸಿಯಾ ಯೂನಿಫ್ಲೋರಾ ಬೀಜವನ್ನು ಎರಚಿದರೆ ಅವು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಮೊಳಕೆಗಳನ್ನು ಹತ್ತಿಕ್ಕುತ್ತವೆ.

ಮೆಕ್ಕೆಜೋಳ, ಜೋಳ ಮತ್ತು ಕಬ್ಬಿನಲ್ಲಿ ಕಳೆ ಮೊಳೆಯುವ ಮುನ್ನ ಅಟ್ರಾಜಿನ್ ಬಳಕೆಯಿಂದ ಇದನ್ನು ಹತೋಟಿಯಲ್ಲಿಡಬಹುದು. ಪ್ರಮಾಣವನ್ನು ಮಣ್ಣು ಮತ್ತು ಬೆಳೆಗೆ ಅನುಗುಣವಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರದಿಂದ ತಿಳಿದು, ಡಬ್ಬಿಯ ಮೇಲಿನ ಸೂಚನೆಯಂತೆ ಬಳಸಬೇಕು. ಬೆಳೆ ಇಲ್ಲದ ಜಾಗಗಳಲ್ಲಿ ಪ್ರತಿ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಬೆರೆಸಿ ಎಳೆಯ ಗಿಡಗಳಿಗೆ ಸಿಂಪಡಿಸುವ ವಿಧಾನವೂ ಇದೆ. ಉಪ್ಪು ಮಣ್ಣನ್ನು ಕೆಡಿಸುವುದರಿಂದ ಇದನ್ನು ಸಾಗುವಳಿ ಭೂಮಿಯಲ್ಲಿ ಅನುಸರಿಸಬಾರದು.

ಚಿಕಿತ್ಸೆಯ ಬಗ್ಗೆ ಗಮನಿಸಬೇಕಾದ ಅಂಶಗಳು

ಬಾಧೆ ಎರಡು ವಾರ ಮೀರಿದರೆ, ಮುಖ ಅಥವಾ ರೆಪ್ಪೆಗೆ ಹರಡಿದರೆ, ನೀರು ಅಥವಾ ಕೀವು ಸೋರಿದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ವೈದ್ಯರು ಸ್ಟಿರಾಯ್ಡ್ ಮುಲಾಮನ್ನು ನಿಗದಿತ ಅವಧಿಗೆ ಸೂಚಿಸುತ್ತಾರೆ. ತೀವ್ರ ಹಾಗೂ ದೀರ್ಘಕಾಲೀನ ಪ್ರಕರಣಗಳಲ್ಲಿ ರೋಗನಿರೋಧಕ ಕ್ರಿಯೆಯನ್ನು ತಗ್ಗಿಸುವ ಮಾತ್ರೆಗಳನ್ನು ನಿಯಮಿತ ರಕ್ತ ಪರೀಕ್ಷೆಯೊಂದಿಗೆ ನೀಡುತ್ತಾರೆ. ಇವೆಲ್ಲವೂ ಉಪಯುಕ್ತವೇ. ಆದರೆ ಪ್ರಬಲ ಸ್ಟಿರಾಯ್ಡ್ ಮುಲಾಮನ್ನು ತಾವೇ ಕೊಂಡು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ತುರಿಕೆ ಬಂದಾಗಲೆಲ್ಲ ಸ್ಟಿರಾಯ್ಡ್ ಚುಚ್ಚುಮದ್ದು ಪಡೆಯುತ್ತಾ ಹೋದರೆ ಮಧುಮೇಹ, ರಕ್ತದೊತ್ತಡ ಮತ್ತು ಮೂಳೆ ಸವೆತದ ಅಪಾಯವಿದೆ. ಚುಚ್ಚುಮದ್ದಿನಿಂದ ದೊರೆತ ತಾತ್ಕಾಲಿಕ ಶಮನವನ್ನು ನಂಬಿ ರೋಗಿಯು ಅದೇ ಕಳೆಯ ನಡುವೆ ಮರಳಿ ಕೆಲಸಕ್ಕೆ ಹೋಗುವುದು ಇನ್ನೂ ದೊಡ್ಡ ಹಾನಿ.

ಬಾಧಿತ ಚರ್ಮಕ್ಕೆ ಬೆಳ್ಳುಳ್ಳಿ, ಎಕ್ಕದ ಹಾಲು, ಕರಿಗೇರಿನ ರಸ ಅಥವಾ ಸುಣ್ಣವನ್ನು ಹಚ್ಚಬಾರದು. ಕೊಬ್ಬರಿ ಎಣ್ಣೆಯಿಂದ ಚರ್ಮವನ್ನು ಮೃದುವಾಗಿಡಬಹುದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಆಚರಿಸಲಾಗುತ್ತದೆ. ಆ ವೇಳೆಗೆ ಮುಂಗಾರಿನ ಮೊದಲ ಮಳೆಗೆ ಮೊಳೆತ ಗಿಡಗಳು ಹೂವಾಡಿರುತ್ತವೆ. ಉತ್ತಮ ಉದ್ದೇಶದ ಈ ಕಾರ್ಯಕ್ರಮದಲ್ಲಿಯೇ ಶಾಲಾ ಮಕ್ಕಳು ಮತ್ತು ಕೂಲಿ ಕಾರ್ಮಿಕರಿಂದ ಬರಿಗೈಯಲ್ಲಿ ಹೂವಾಡಿದ ಗಿಡಗಳನ್ನು ಕೀಳಿಸಿದರೆ, ಅಂದು ಯಾರಿಗೂ ಏನೂ ಆಗದು. ಆದರೆ ಮೇಲೆ ವಿವರಿಸಿದ ಮೊದಲ ಹಂತ ಅವರಲ್ಲಿ ಕೆಲವರ ದೇಹದಲ್ಲಿ ಅಂದೇ ಆರಂಭವಾಗಬಹುದು. ಅದರ ಫಲ ಯಾವಾಗ ಕಾಣುವುದೆಂದು ಹೇಳಲಾಗದು. ಆದ್ದರಿಂದ:

• ಕೈಗವಸುಗಳ ವ್ಯವಸ್ಥೆ ಆಗದೆ ಸಾಮೂಹಿಕವಾಗಿ ಕಳೆ ಕೀಳುವ ಕಾರ್ಯಕ್ರಮವನ್ನು ಆರಂಭಿಸಬಾರದು. ಕೈಗವಸಿನ ವೆಚ್ಚವನ್ನು ಕಾರ್ಯಕ್ರಮದ ಅಂದಾಜಿನಲ್ಲಿಯೇ ಸೇರಿಸಬೇಕು.
• ಮಕ್ಕಳಿಗೆ ಗಿಡವನ್ನು ಗುರುತಿಸುವುದನ್ನು ಕಲಿಸಬೇಕು, ಅವರಿಂದ ಕೀಳಿಸಬಾರದು.
• ಕೀಳುವ ಕೆಲಸವನ್ನು ಸಾಧ್ಯವಾದಷ್ಟು ಜೂನ್ ಮತ್ತು ಜುಲೈ ತಿಂಗಳಲ್ಲಿ, ಹೂವಾಡುವ ಮೊದಲು ಹಮ್ಮಿಕೊಳ್ಳಬೇಕು.
• ಭಾಗವಹಿಸುವವರಲ್ಲಿ ಹಿಂದೆ ತುರಿಕೆ ಅಥವಾ ಉಬ್ಬಸದ ತೊಂದರೆ ಇದ್ದವರನ್ನು ಮೊದಲೇ ವಿಚಾರಿಸಿ ಕೆಲಸದಿಂದ ಹೊರಗಿಡಬೇಕು. ಇದರಿಂದ ಕೂಲಿ ಕಳೆದುಕೊಳ್ಳದಂತೆ ಅವರಿಗೆ ಬೇರೆ ಕೆಲಸ ನೀಡಬೇಕು. ಇಲ್ಲವಾದರೆ ಯಾರೂ ತಮ್ಮ ತೊಂದರೆಯನ್ನು ಹೇಳಿಕೊಳ್ಳುವುದಿಲ್ಲ.
• ಕ್ಷೇತ್ರ ಭೇಟಿಯ ವೇಳೆ ರೆಪ್ಪೆ ದಪ್ಪವಾಗಿ, ಕುತ್ತಿಗೆಯ ಚರ್ಮ ಕಪ್ಪಾಗಿರುವ ರೈತರು ಕಂಡರೆ ಕಳೆಯ ಬಗ್ಗೆ ವಿಚಾರಿಸಿ, ಚರ್ಮರೋಗ ತಜ್ಞರ ಬಳಿಗೆ ಕಳುಹಿಸಬೇಕು. ಈ ಕಾಯಿಲೆ ಅಂಟುವುದಿಲ್ಲವೆಂಬುದನ್ನು ಮನೆಯವರಿಗೂ ನೆರೆಹೊರೆಯವರಿಗೂ ತಿಳಿಸಬೇಕು.

ಉಪಸಂಹಾರ

ಸಂಪರ್ಕಜನ್ಯ ಅಲರ್ಜಿಯನ್ನು ಬರದಂತೆ ತಡೆಯುವುದು ಸುಲಭ. ಬಂದ ಮೇಲೆ ಅದರೊಂದಿಗೆ ಬಾಳುವುದು ಕಷ್ಟ. ತೊಂದರೆ ಇಲ್ಲದವರು ಇಂದಿನಿಂದಲೇ ಕೈಗವಸು ಧರಿಸುವುದನ್ನು ರೂಢಿಸಿಕೊಳ್ಳಬೇಕು. ತೊಂದರೆ ಇರುವವರು ಮೂರು ದಿನಗಳ ಹಿಂದಿನ ಕೆಲಸವನ್ನು ನೆನಪಿಸಿಕೊಂಡು ಪ್ರಚೋದಕವನ್ನು ಪತ್ತೆ ಹಚ್ಚಿ, ಪ್ಯಾಚ್ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು. ಒಬ್ಬರ ಹೊಲದ ಕಳೆಯ ಪುಡಿ ಗಾಳಿಯಲ್ಲಿ ನೆರೆಯವರ ಮನೆಗೂ ತಲುಪುವುದರಿಂದ, ಗ್ರಾಮದ ಎಲ್ಲರೂ ಒಟ್ಟಾಗಿ ಹೂವಾಡುವ ಮುನ್ನವೇ ಪಾರ್ಥೇನಿಯಂ ನಿರ್ಮೂಲನೆಗೆ ಮುಂದಾದಾಗ ಮಾತ್ರ ಈಗಾಗಲೇ ಬಳಲುತ್ತಿರುವ ರೈತರು ತಮ್ಮ ಹೊಲಗಳಿಗೆ ನೆಮ್ಮದಿಯಿಂದ ಮರಳಲು ಸಾಧ್ಯವಾಗುತ್ತದೆ.